ಎದೆಯ ಆಪರೇಷನ್‌ಗೆ ಕಾಲು ಯಾಕೆ ಕೊಯ್ಯುತ್ತೀರಿ?

ಬೈಪಾಸ್‌ಗೆ ಸಹಿ ಹಾಕಿಸಿಕೊಳ್ಳುವಾಗ ಮನೆಯವರು ಎದೆಯ ಬಗ್ಗೆ ಕೇಳುವುದು ಕಡಿಮೆ. ಎದೆ ತೆರೆಯುತ್ತಾರೆ ಅನ್ನುವುದು ಅವರಿಗೆ ಗೊತ್ತಿರುತ್ತದೆ. ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡೇ ಬಂದಿರುತ್ತಾರೆ. ಕಾಲನ್ನೂ ಕೊಯ್ಯುತ್ತೇವೆ ಅಂದಾಗ ಮಾತ್ರ ಎಲ್ಲರೂ ಒಟ್ಟಿಗೆ ತಲೆ ಎತ್ತುತ್ತಾರೆ. "ಎದಿಗೆ ಆಪರೇಷನ್ ಮಾಡಾಕ ಕಾಲ್ ಯಾಕ್ ಕೊಯ್ತೀರ್ರೀ ಸಾಹೇಬ್ರ?" ಅಂತ ಕಲಬುರಗಿ ಕಡೆಯವರು ಕೇಳುತ್ತಾರೆ. ಉಡುಪಿ ಕಡೆಯವರು ನೇರವಾಗಿ ಕೇಳುವುದಿಲ್ಲ, "ಕಾಲಿಗೆ ಏನೂ ತೊಂದರೆ ಇಲ್ಲ ಮಾರಾಯ್ರೆ ನಂಗೆ" ಅನ್ನುತ್ತಾರೆ. ಎರಡರ ಅರ್ಥವೂ ಒಂದೇ. ಉತ್ತರ ಹೇಳುವ ಕೆಲಸ ಬಹಳ ಸಲ ನನಗೇ ಬರುತ್ತದೆ. ಯಾಕೆಂದರೆ ಆ ಕಾಲು ಕೊಯ್ಯುವವನು ನಾನೇ.

ನಾನು ಡಾಕ್ಟರ್ ಅಲ್ಲ. ಮುಂಬೈನ ಒಂದು ಆಸ್ಪತ್ರೆಯ ಹೃದಯ ಮತ್ತು ರಕ್ತನಾಳ ಸರ್ಜರಿ ವಿಭಾಗದಲ್ಲಿ ಫಿಸಿಶಿಯನ್ ಅಸಿಸ್ಟೆಂಟ್. ಊರು ಕುಂದಾಪುರದ ಹತ್ತಿರ, ಬೆಳೆದದ್ದು ಡೊಂಬಿವಲಿಯಲ್ಲಿ. ನಮ್ಮ ದೇಶದಲ್ಲಿ ಈ ಕೋರ್ಸ್ ಶುರುವಾದದ್ದು 1992ರಲ್ಲಿ, ಚೆನ್ನೈನಲ್ಲಿ. ಹೃದಯ ಸರ್ಜನ್ ಕೆ. ಎಂ. ಚೆರಿಯನ್ ಅವರು ಶುರು ಮಾಡಿದ್ದು. ಹೃದಯದ ಆಪರೇಷನ್‌ನಲ್ಲಿ ಸರ್ಜನ್ ಜೊತೆ ಕೈ ಜೋಡಿಸುವವರು ಬೇಕಿತ್ತು, ಅದಕ್ಕೇ ಹುಟ್ಟಿದ ಕೆಲಸ ಇದು. ಇವತ್ತಿಗೂ ಜನರಿಗೆ ನಮ್ಮ ಹುದ್ದೆಯ ಹೆಸರು ಗೊತ್ತಿಲ್ಲ. ವಾರ್ಡ್‌ನಲ್ಲಿ ಕೆಲವರು ಡಾಕ್ಟ್ರೇ ಅನ್ನುತ್ತಾರೆ, ಕೆಲವರು ಬ್ರದರ್ ಅನ್ನುತ್ತಾರೆ. 2021ರಲ್ಲಿ ಅಲೈಡ್ ಹೆಲ್ತ್‌ಕೇರ್ ಕಾಯ್ದೆ ಬಂದ ಮೇಲೆ ಕಾಗದದಲ್ಲಾದರೂ ನಮಗೆ ಒಂದು ಜಾಗ ಸಿಕ್ಕಿದೆ.

ಕಾಲು ಯಾಕೆ ಅನ್ನುವುದಕ್ಕೆ ಬರುತ್ತೇನೆ. ಹೃದಯದ ಮಾಂಸಕ್ಕೆ ರಕ್ತ ಕೊಡುವ ನಾಳಗಳು ಸಣ್ಣವು, ಒಂದೂವರೆ ಎರಡು ಮಿಲಿಮೀಟರ್ ಅಗಲ. ಅವು ಕಟ್ಟಿಕೊಂಡಾಗ, ಕಟ್ಟಿದ ಜಾಗವನ್ನು ದಾಟಿಸಿ ರಕ್ತ ಕಳಿಸಲು ಬೇರೆ ನಾಳ ಬೇಕು. ಎದೆಗೂಡಿನ ಒಳಗೋಡೆಯಲ್ಲಿ, ಎಡಗಡೆ, ಒಂದು ಒಳ್ಳೆಯ ಅಪಧಮನಿ ಇಳಿಯುತ್ತದೆ. ಓಟಿಯಲ್ಲಿ, ಅಂದರೆ ಆಪರೇಷನ್ ಥಿಯೇಟರ್‌ನಲ್ಲಿ, ಎಲ್ಲರೂ ಅದನ್ನು ಲಿಮಾ ಅನ್ನುತ್ತಾರೆ. ಅದನ್ನು ಬಿಡಿಸಿ ಹೃದಯದ ಮುಂಭಾಗದ ಮುಖ್ಯ ನಾಳಕ್ಕೆ ಜೋಡಿಸುತ್ತಾರೆ. ಹತ್ತು ವರ್ಷ ಕಳೆದರೂ ಹತ್ತರಲ್ಲಿ ಒಂಬತ್ತು ಲಿಮಾ ತೆರೆದೇ ಇರುತ್ತವೆ, ಅಷ್ಟು ಗಟ್ಟಿ. ಆದರೆ ಸಾಮಾನ್ಯವಾಗಿ ಕಟ್ಟಿರುವುದು ಒಂದೇ ನಾಳ ಅಲ್ಲ, ಮೂರು ನಾಲ್ಕು. ಉಳಿದವಕ್ಕೆ ಎಲ್ಲಿಂದ ತರುವುದು?

"ಪ್ಲಾಸ್ಟಿಕ್ ಪೈಪ್ ಹಾಕೋಕಾಗಲ್ವಾ?" ಇದು ಎರಡನೇ ಪ್ರಶ್ನೆ, ಹೆಚ್ಚಾಗಿ ಮಗನದ್ದು. ಹೊಟ್ಟೆಯ ದೊಡ್ಡ ನಾಳಕ್ಕೆ, ತೊಡೆಯ ನಾಳಕ್ಕೆ ಡೇಕ್ರಾನ್‌ನಂಥ ಕೃತಕ ಕೊಳವೆ ಹಾಕುತ್ತಾರೆ, ನಡೆಯುತ್ತದೆ. ಹೃದಯದ ನಾಳದಷ್ಟು ಸಣ್ಣ ಅಳತೆಯಲ್ಲಿ ಅದು ಬಾಳುವುದಿಲ್ಲ. ಒಳಗೆ ರಕ್ತ ಬೇಗ ಹೆಪ್ಪುಗಟ್ಟುತ್ತದೆ. ಹಾಗಾಗಿ ಮನುಷ್ಯನ ಸ್ವಂತ ನಾಳವೇ ಬೇಕು. ಕಾಲಿನ ಒಳಬದಿಯಲ್ಲಿ, ಹಿಮ್ಮಡಿ ಗಂಟಿನ ಮುಂದಿನಿಂದ ತೊಡೆಸಂದಿನವರೆಗೆ, ಚರ್ಮದ ಕೆಳಗೇ ಒಂದು ಉದ್ದದ ಅಭಿಧಮನಿ ಹೋಗುತ್ತದೆ. ಸಫೀನಸ್ ವೇನ್ ಅಂತ ಹೆಸರು. ದೇಹದಲ್ಲೇ ಉದ್ದದ್ದು. ತೆಗೆದರೆ ಕಾಲಿನ ರಕ್ತ ಹೃದಯಕ್ಕೆ ಹೇಗೆ ಹೋಗುತ್ತದೆ ಅಂತ ಹೆದರುವುದು ಬೇಡ. ಆ ಕೆಲಸದ ಬಹುಪಾಲು ಮಾಡುವುದು ಮಾಂಸದ ನಡುವೆ ಆಳದಲ್ಲಿರುವ ಬೇರೆ ವೇನ್‌ಗಳು. ಅವನ್ನು ನಾವು ಮುಟ್ಟುವುದೇ ಇಲ್ಲ.

ಈ ವೇನ್ ಬಳಸಿ ಬೈಪಾಸ್ ಮಾಡುವುದನ್ನು ನೆಲೆಗೆ ತಂದವರು ರೆನೆ ಫಾವಲೊರೊ. 1967ರಲ್ಲಿ, ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ. ಅವರು ಅರ್ಜೆಂಟೀನಾದವರು. ಅಲ್ಲಿಗೆ ಹೋಗುವ ಮೊದಲು ವರ್ಷಗಟ್ಟಲೆ ತಮ್ಮ ದೇಶದ ಒಂದು ಹಳ್ಳಿಯಲ್ಲಿ ಸಾಮಾನ್ಯ ಡಾಕ್ಟರ್ ಆಗಿದ್ದರು. ನನಗೆ ಈ ಸಂಗತಿ ಯಾಕೋ ತುಂಬಾ ಇಷ್ಟ.

ನನ್ನ ಕೆಲಸ ಶುರುವಾಗುವುದು ಆಪರೇಷನ್‌ನ ಹಿಂದಿನ ಸಂಜೆ, ವಾರ್ಡ್‌ನಲ್ಲಿ. ರೋಗಿಯನ್ನು ಎಬ್ಬಿಸಿ ನಿಲ್ಲಿಸುತ್ತೇನೆ. ಮಲಗಿದ್ದಾಗ ಕಾಲಿನ ವೇನ್ ಖಾಲಿಯಾಗಿ ಅಡಗಿ ಕೂರುತ್ತದೆ, ನಿಂತರೆ ತುಂಬಿಕೊಂಡು ಕಾಣುತ್ತದೆ. "ಕಾಕಾ, ಧೋತರ ಸ್ವಲ್ಪ ಮ್ಯಾಲೆ ಹಿಡೀರಿ, ಎರಡ ನಿಮಿಷ ನಿಲ್ರಿ" ಅಂದರೆ ಕಾಕಾ ಮುಜುಗರದಿಂದ ಕಿಟಕಿ ಕಡೆ ನೋಡುತ್ತಾ ನಿಲ್ಲುತ್ತಾರೆ. ನಾನು ನೆಲದ ಮೇಲೆ ಕೂತು ಬೆರಳಲ್ಲಿ ಹಾದಿ ಹಿಡಿಯುತ್ತೇನೆ. ಒಂದು ಬೆರಳನ್ನು ಮಂಡಿಯ ಹತ್ತಿರ ಇಟ್ಟು, ಇನ್ನೊಂದರಿಂದ ಕೆಳಗೆ ಮೆಲ್ಲಗೆ ತಟ್ಟಿದರೆ, ಒಳ್ಳೆಯ ವೇನ್ ಇದ್ದಲ್ಲಿ ತರಂಗ ಮೇಲಿನ ಬೆರಳಿಗೆ ತಾಗುತ್ತದೆ. ಅನುಮಾನ ಇದ್ದರೆ ಡಾಪ್ಲರ್ (ರಕ್ತನಾಳದ ಸ್ಕ್ಯಾನ್) ಮಾಡಿಸಿ, ವೇನ್ ಎಲ್ಲಿ ಹೋಗುತ್ತದೆ, ಎಷ್ಟು ದಪ್ಪ ಅಂತ ಚರ್ಮದ ಮೇಲೆ ಪೆನ್ನಿನಲ್ಲಿ ಗೆರೆ ಹಾಕಿಸಿಕೊಳ್ಳುತ್ತೇನೆ. ದಪ್ಪ ಮೈಯವರಲ್ಲಿ ಈ ಗೆರೆ ದೊಡ್ಡ ಉಪಕಾರ. ಗೆರೆ ಇಲ್ಲದೆ ಅಂದಾಜಿನ ಮೇಲೆ ಕೊಯ್ದು, ವೇನ್ ಪಕ್ಕಕ್ಕಿದ್ದು, ಚರ್ಮದ ಅಡಿಯಲ್ಲಿ ಅಡ್ಡ ಬಿಡಿಸಿಕೊಂಡು ಹೋದರೆ ಆ ಚರ್ಮಕ್ಕೆ ರಕ್ತ ಸಾಲದೆ ಅಂಚು ಕಪ್ಪಾಗುತ್ತದೆ. ಆಮೇಲೆ ಗಾಯ ಬಾಯಿಬಿಡುತ್ತದೆ.

ಮುಂಬೈಯಲ್ಲಿ ಕನ್ನಡದವರ ಕಾಲು ನೋಡಿದರೆ ಅವರ ಕಸುಬು ಹೇಳಬಹುದು ಅಂತ ನಾನು ತಮಾಷೆ ಮಾಡುವುದುಂಟು. ಪೂರ್ತಿ ತಮಾಷೆಯೂ ಅಲ್ಲ. ಹೋಟೆಲ್‌ನಲ್ಲಿ ಕಾವಲಿ ಮುಂದೆ, ಬಾಯ್ಲರ್ ಮುಂದೆ, ಕೌಂಟರ್ ಹಿಂದೆ ನಿಂತೇ ಜೀವ ತೇಯ್ದವರು ನಮ್ಮ ಕರಾವಳಿಯವರು. ಮಾಟುಂಗಾದ ಒಂದು ಹೋಟೆಲ್‌ನಲ್ಲಿ ದೋಸೆ ಹುಯ್ಯುತ್ತಿದ್ದ ಒಬ್ಬರು ಬಂದಿದ್ದರು. ಪಂಚೆ ಎತ್ತಿದರೆ ಎರಡೂ ಕಾಲಲ್ಲಿ ಮಂಡಿಯ ಕೆಳಗೆ ಹಸಿರು ಗಂಟುಗಂಟು, ಹಾವಿನ ಹಾಗೆ ಸುತ್ತಿಕೊಂಡ ವೇನ್. ವೆರಿಕೋಸ್. "ನೋವಿಲ್ಲ ಮಾರಾಯ್ರೆ, ರಾತ್ರಿ ಸ್ವಲ್ಪ ಸೆಳೆತ ಅಷ್ಟೆ. ಅಡುಗೆಮನೆಯಲ್ಲಿ ಎಲ್ಲರಿಗೂ ಉಂಟು" ಅಂದರು. ಅಂಥ ಉಬ್ಬಿದ ವೇನ್ ಹೃದಯಕ್ಕೆ ಬರುವುದಿಲ್ಲ. ಗೋಡೆ ಸಡಿಲವಾಗಿರುತ್ತದೆ, ಅಗಲ ಒಂದೇ ಸಮ ಇರುವುದಿಲ್ಲ. ಡಾಪ್ಲರ್‌ನಲ್ಲಿ ನೋಡಿದಾಗ ಬಲತೊಡೆಯಲ್ಲಿ ಒಂದು ತುಂಡು ಚೆನ್ನಾಗಿ ಸಿಕ್ಕಿತು. ಉಳಿದದ್ದನ್ನು ಸರ್ಜನ್ ಎಡಗೈಯ ರೇಡಿಯಲ್ ಅಪಧಮನಿಯಿಂದ ಹೊಂದಿಸಿದರು. ಅವರ ಆಂಜಿಯೋಗ್ರಫಿ ಬಲಗೈಯಿಂದ ಮಾಡಿದ್ದರು, ಅದೊಂದು ಪುಣ್ಯ. ಮಣಿಕಟ್ಟಿನಿಂದ ತೂರಿಸಿ ಆಂಜಿಯೋ ಮಾಡಿದ ಕೈಯ ಅಪಧಮನಿಯನ್ನು ಆಮೇಲೆ ಗ್ರಾಫ್ಟ್‌ಗೆ, ಅಂದರೆ ಹೃದಯಕ್ಕೆ ಜೋಡಿಸುವ ನಾಳವಾಗಿ, ಬಳಸಲು ಸರ್ಜನ್‌ಗಳು ಹಿಂಜರಿಯುತ್ತಾರೆ, ಒಳಪದರ ಗೀಚಿರುತ್ತದೆ ಅಂತ.

ವೇನ್ ನೋಡಿದರೆ ಸಾಲದು. ಪಾದದ ನಾಡಿಯನ್ನೂ ಮುಟ್ಟಿ ನೋಡಬೇಕು. ಪಾದದ ಮೇಲೊಂದು, ಒಳಗಂಟಿನ ಹಿಂದೊಂದು. ಸಕ್ಕರೆ ಕಾಯಿಲೆಯವರಲ್ಲಿ, ಬೀಡಿ ಸೇದುವವರಲ್ಲಿ ಬಹಳ ಸಲ ಎರಡೂ ಸಿಗುವುದಿಲ್ಲ. ಹೃದಯದ ನಾಳ ಕಟ್ಟಿದ ಕೊಬ್ಬು ಕಾಲಿನ ನಾಳವನ್ನು ಬಿಟ್ಟಿರುತ್ತದಾ? ನಾಡಿ ಸಿಗದಿದ್ದರೆ ಕೈಯಲ್ಲಿ ಹಿಡಿಯುವ ಸಣ್ಣ ಡಾಪ್ಲರ್‌ನಿಂದ ಹಿಮ್ಮಡಿ ಗಂಟಿನ ಬಿಪಿ, ತೋಳಿನ ಬಿಪಿ ಎರಡೂ ನೋಡಿ, ಗಂಟಿನದನ್ನು ತೋಳಿನದರಿಂದ ಭಾಗಿಸುತ್ತೇನೆ. 0.9ಕ್ಕಿಂತ ಕಡಿಮೆ ಬಂದರೆ ಆ ಕಾಲಿಗೆ ರಕ್ತ ಸಾಲದು ಎಂದರ್ಥ. ಅಂಥ ಕಾಲಲ್ಲಿ ಮಂಡಿಯ ಕೆಳಗೆ ನಾನು ಚಾಕು ಇಡುವುದಿಲ್ಲ. ಇದು ನನ್ನ ಹಟ ಅಂತಲೇ ಇಟ್ಟುಕೊಳ್ಳಿ. ವೇನ್ ಎಷ್ಟೇ ಚೆಂದ ಇರಲಿ, ಆ ಗಾಯ ಮಾಯುವುದಿಲ್ಲ. ತೊಡೆಯಿಂದ ತೆಗೆಯೋಣ, ಅಥವಾ ಇನ್ನೊಂದು ಕಾಲು ನೋಡೋಣ ಅಂತ ಸರ್ಜನ್‌ಗೆ ಅದೇ ಸಂಜೆ ಫೋನ್ ಮಾಡಿ ಹೇಳುತ್ತೇನೆ. ಬೆಳಿಗ್ಗೆ ಓಟಿಯಲ್ಲಿ ಹೇಳಿದರೆ ಯಾರಿಗೂ ಪುರುಸೊತ್ತಿರುವುದಿಲ್ಲ.

ಕೂದಲು ತೆಗೆಯುವ ವಿಷಯ. ಮೊದಲೆಲ್ಲ ವಾರ್ಡ್‌ನ ಮಾಮಾ (ವಾರ್ಡ್‌ಬಾಯ್) ಹಿಂದಿನ ರಾತ್ರಿಯೇ ಬ್ಲೇಡ್ ಹಿಡಿದು ಕುತ್ತಿಗೆಯಿಂದ ಪಾದದವರೆಗೆ ಬೋಳಿಸಿಬಿಡುತ್ತಿದ್ದರು. ಬ್ಲೇಡ್‌ನಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳಾಗುತ್ತವೆ, ಬೆಳಗಾಗುವಷ್ಟರಲ್ಲಿ ಅಲ್ಲಿ ಕ್ರಿಮಿ ಮನೆ ಮಾಡಿರುತ್ತದೆ. ಈಗ ಕ್ಲಿಪರ್ ಮಾತ್ರ, ಅದೂ ಆಪರೇಷನ್ ದಿನ ಬೆಳಿಗ್ಗೆ. ಜೊತೆಗೆ ಕ್ಲೋರ್‌ಹೆಕ್ಸಿಡಿನ್ ಸೋಪಿನ ಸ್ನಾನ. ಹಳೆಯ ಮಾಮಾಗಳಿಗೆ ಕ್ಲಿಪರ್ ಮೇಲೆ ಈಗಲೂ ನಂಬಿಕೆ ಇಲ್ಲ, ನುಣ್ಣಗೆ ಆಗುವುದಿಲ್ಲ ಅಂತ ಗೊಣಗುತ್ತಾರೆ.

ಓಟಿಯಲ್ಲಿ ಎರಡು ಕಡೆ ಒಟ್ಟಿಗೆ ಕೆಲಸ ನಡೆಯುತ್ತದೆ. ಮೇಲೆ ಸರ್ಜನ್ ಎದೆಮೂಳೆ ತೆರೆದು ಲಿಮಾ ಬಿಡಿಸುತ್ತಿರುತ್ತಾರೆ. ಕೆಳಗೆ ನಾನು ಮಂಡಿಯ ಅಡಿಗೆ ಬಟ್ಟೆಯ ಸುರುಳಿ ಇಟ್ಟು, ಕಾಲನ್ನು ಸ್ವಲ್ಪ ಹೊರಕ್ಕೆ ಮಡಿಸಿಕೊಂಡು ನಿಂತಿರುತ್ತೇನೆ. ಒಳಗಂಟಿನ ತುಸು ಮುಂದೆ, ಮೇಲೆ, ಸಣ್ಣ ಕೊಯ್ತ. ವೇನ್ ಅಲ್ಲಿ ಇದ್ದೇ ಇರುತ್ತದೆ. ಜಾಗ ತಪ್ಪಿಸಿಕೊಳ್ಳದ ಪ್ರಾಮಾಣಿಕ ನಾಳ ಅದು. ನೀಲಿ ಬೆರೆತ ಬಿಳುಪು ಬಣ್ಣ, ಹೊಳಪು. ಅಲ್ಲಿಂದ ಮೇಲಕ್ಕೆ ಅದರ ನೆತ್ತಿಯ ಮೇಲೇ ಕೊಯ್ಯುತ್ತಾ ಹೋಗಬೇಕು, ಆಚೆ ಈಚೆ ಸರಿಯಬಾರದು. ಮಂಡಿಯ ಕೆಳಗೆ ಅದರ ಪಕ್ಕದಲ್ಲೇ ಅಂಟಿಕೊಂಡು ಒಂದು ತೆಳು ನರ ಬರುತ್ತದೆ, ಸ್ಪರ್ಶದ ನರ. ಅದನ್ನು ಎಳೆಯಬಾರದು, ಸುಡಬಾರದು. ಎಷ್ಟು ಜಾಗ್ರತೆ ಮಾಡಿದರೂ ಕೆಲವರಿಗೆ ಗಂಟಿನ ಒಳಬದಿ ತಿಂಗಳುಗಟ್ಟಲೆ ಜೋಮು ಹಿಡಿದಂತೆ ಇರುತ್ತದೆ. ಇದನ್ನು ಮೊದಲೇ ಹೇಳಿಬಿಟ್ಟರೆ ಒಳ್ಳೆಯದು. ಹೇಳದಿದ್ದರೆ ಲಕ್ವ ಹೊಡೆಯಿತು ಅಂತ ಮನೆಯವರು ಹೆದರುತ್ತಾರೆ.

ವೇನ್‌ಗೆ ದಾರಿಯುದ್ದಕ್ಕೂ ಕವಲು. ಪ್ರತಿ ಕವಲನ್ನೂ ಕಟ್ಟಬೇಕು, ವೇನ್ ಕಡೆ ರೇಷ್ಮೆ ದಾರದ ಗಂಟು, ಕಾಲಿನ ಕಡೆ ಕ್ಲಿಪ್. ಈ ಗಂಟು ಎಲ್ಲಿ ಬೀಳುತ್ತದೆ ಅನ್ನುವುದರಲ್ಲೇ ಕೆಲಸದ ಗುಣ ಇರುವುದು. ಗೋಡೆಗೆ ತಾಗಿಸಿ ಬಿಗಿದರೆ ವೇನ್ ಅಲ್ಲಿ ಸೊಂಟ ಹಿಡಿದಂತೆ ಕಿರಿದಾಗುತ್ತದೆ. ದೂರ ಬಿಟ್ಟರೆ ಅಲ್ಲೊಂದು ಚೀಲ ಉಳಿದು ಅದರಲ್ಲಿ ರಕ್ತ ನಿಂತು ಹೆಪ್ಪಾಗುತ್ತದೆ. ಒಂದು ಮಿಲಿಮೀಟರ್ ಬಿಟ್ಟು ಕಟ್ಟು ಅಂತ ಕಲಿಸಿದವರು ಹೇಳುತ್ತಿದ್ದರು. ಕಣ್ಣಿಗೆ ಲೂಪ್ (ದೊಡ್ಡದಾಗಿ ತೋರಿಸುವ ಕನ್ನಡಕ) ಇಲ್ಲದೆ ನಾನಂತೂ ಮಾಡುವುದಿಲ್ಲ. ಇನ್ನೊಂದು ನಿಯಮ, ಇಕ್ಕುಳದಲ್ಲಿ ವೇನ್‌ನ ಮೈ ಹಿಡಿಯಬಾರದು. ಸುತ್ತಲಿನ ತೆಳು ಪರೆಯನ್ನಷ್ಟೇ ಹಿಡಿಯಬೇಕು. ಹೊಸಬರ ಕೈ ನೋಡಿದ ತಕ್ಷಣ ಇದು ಗೊತ್ತಾಗುತ್ತದೆ. ಗಾಬರಿಯಾದವರು ಮೊದಲು ಗಟ್ಟಿಯಾಗಿ ಹಿಡಿಯುತ್ತಾರೆ.

ತೆಗೆದ ಮೇಲೆ ಹಿಮ್ಮಡಿ ಗಂಟಿನ ಕಡೆಯ ತುದಿಗೆ ಕ್ಯಾನುಲಾ ಎಂಬ ಸಣ್ಣ ಕೊಳವೆ ಕಟ್ಟಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಬೆರೆಸಿದ ರೋಗಿಯದೇ ರಕ್ತವನ್ನು ಸಿರಿಂಜ್‌ನಲ್ಲಿ ನಿಧಾನ ಬಿಡುತ್ತೇನೆ. ಎಲ್ಲಿ ಸೋರುತ್ತದೆ ನೋಡಿ, ಸೋರಿದಲ್ಲಿ 7-0 ಪ್ರೊಲೀನ್‌ನಲ್ಲಿ ಒಂದು ಹೊಲಿಗೆ. ಆ ದಾರ ಬೆಳಕಿಗೆ ಹಿಡಿದರೂ ಕಷ್ಟಪಟ್ಟು ಕಾಣುವಂಥದ್ದು. ಇಲ್ಲಿ ಹೆಬ್ಬೆರಳು ಹಗುರ ಇರಬೇಕು. ವೇನ್ ಚೆನ್ನಾಗಿ ಉಬ್ಬಿ ಕಾಣಲಿ ಅಂತ ಜೋರಾಗಿ ತಳ್ಳಿದರೆ ಒಳಪದರ ಹರಿಯುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಒಳಗೆ ಗಾಯವಾದ ಆ ಜಾಗಕ್ಕೇ ಮುಂದೆ ರಕ್ತ ಹೆಪ್ಪುಗಟ್ಟುವುದು. ಕಾಲಲ್ಲಿದ್ದಾಗ ಈ ನಾಳ ಕಂಡ ಒತ್ತಡವೇ ಕಡಿಮೆ. ನಾಳೆಯಿಂದ ಹೃದಯದ ಪೂರ್ತಿ ಬಿಪಿ ತಡೆಯಬೇಕು. ಮೊದಲ ದಿನವೇ ಪೆಟ್ಟು ತಿನ್ನಿಸಿ ಕಳಿಸಿದರೆ ಹೇಗೆ?

ಆಮೇಲೆ ದಿಕ್ಕು. ಈ ವೇನ್ ಒಳಗೆ ಕವಾಟಗಳಿವೆ. ಬಾವಿಯ ಪಂಪಿನ ಫುಟ್‌ವಾಲ್ವ್ ಇದೆಯಲ್ಲ, ಮೇಲೆ ಬಿಡುತ್ತದೆ, ಕೆಳಗೆ ಬಿಡುವುದಿಲ್ಲ, ಹಾಗೆಯೇ. ರೈತರಿಗೆ ಇಷ್ಟು ಹೇಳಿದರೆ ಸಾಕು, ಮುಂದಿನದನ್ನು ಅವರೇ ಹೇಳುತ್ತಾರೆ: "ಹಂಗಾರ ತಿರುವಿ ಹಾಕಬೇಕ್ರಲಾ." ಸರಿ. ಗಂಟಿನ ತುದಿ ಮಹಾಪಧಮನಿಗೆ, ತೊಡೆಯ ತುದಿ ಹೃದಯದ ನಾಳಕ್ಕೆ. ತಪ್ಪಿದರೆ ಕವಾಟ ಮುಚ್ಚಿ ರಕ್ತವೇ ಹೋಗುವುದಿಲ್ಲ. ಹಾಗಾಗಿ ಕ್ಯಾನುಲಾ ಇರುವ ತುದಿಯನ್ನು ನಾನು ಕೊನೆಯವರೆಗೂ ಬಿಚ್ಚುವುದಿಲ್ಲ, ಅದೇ ಗುರುತು. ವೇನ್ ತಿರುಚಿಕೊಳ್ಳದಿರಲಿ ಅಂತ ಅದರ ಉದ್ದಕ್ಕೂ ಶಾಯಿಯಲ್ಲಿ ಒಂದು ಗೆರೆಯನ್ನೂ ಎಳೆಯುತ್ತೇನೆ. ಇಷ್ಟಾದರೂ ಸರ್ಜನ್ ಪ್ರತಿ ಸಲ ಕೈಗೆ ತೆಗೆದುಕೊಳ್ಳುವಾಗ "ಯೇ ಊಪರ್ ಕಾ ಎಂಡ್ ಹೈ ನಾ?" ಅಂತ ಕೇಳುತ್ತಾರೆ. ನಾನೂ ಪ್ರತಿ ಸಲ ಜೋರಾಗಿ ಉತ್ತರ ಹೇಳುತ್ತೇನೆ. ಎಷ್ಟು ವರ್ಷ ಜೊತೆಗೆ ಕೆಲಸ ಮಾಡಿದರೂ ಈ ಪ್ರಶ್ನೆ ಬಿಡಬಾರದು.

ಕಾಲು ಮುಚ್ಚುವ ಹೊತ್ತಿಗೆ ಓಟಿಯ ಎಲ್ಲರ ಕಣ್ಣು ಎದೆಯ ಮೇಲೆ. ಕಾಲನ್ನು ಯಾರೂ ನೋಡುವುದಿಲ್ಲ, ಹಾಗಾಗಿ ಅವಸರ ಮಾಡುವ ಆಸೆ ಬರುತ್ತದೆ. ಮಾಡಬಾರದು. ಹೆಪಾರಿನ್ ಕೊಟ್ಟ ಮೇಲೆ ಒಣಗಿದಂತೆ ಕಂಡ ಜಾಗವೂ ಜಿನುಗುತ್ತದೆ. ತೊಡೆಯಲ್ಲಿ ಕೊಬ್ಬು ಜಾಸ್ತಿ ಇದ್ದರೆ ಜಿನುಗಿದ್ದು ಹೊರಬರಲು ಒಂದು ಡ್ರೇನ್ ಕೊಳವೆ ಇಡುತ್ತೇನೆ. ಎರಡು ಪದರ ಹೊಲಿಗೆ, ಮೇಲೆ ಪಾದದಿಂದ ಶುರು ಮಾಡಿ ಕ್ರೇಪ್ ಬ್ಯಾಂಡೇಜ್. ಬೈಪಾಸ್ ಆದವರನ್ನು ತಿಂಗಳ ಮೇಲೆ ಕೇಳಿ ನೋಡಿ, ಎದೆಗಿಂತ ಕಾಲಿನ ದೂರೇ ಜಾಸ್ತಿ ಇರುತ್ತದೆ. ಬಾವು, ನೀರು ಸೋರುವುದು, ಉರಿ.

ಇದನ್ನು ತಪ್ಪಿಸಲು ಎಂಡೋಸ್ಕೋಪ್ ಬಂದಿದೆ. ಮಂಡಿಯ ಹತ್ತಿರ ಸಣ್ಣದೊಂದು ಕೊಯ್ತ, ಒಳಗೆ ಕ್ಯಾಮೆರಾ, ಕಾರ್ಬನ್ ಡೈಆಕ್ಸೈಡ್ ತುಂಬಿ ಜಾಗ ಮಾಡಿಕೊಂಡು, ಪರದೆ ನೋಡುತ್ತಾ ವೇನ್ ಬಿಡಿಸುವುದು. ಗಾಯದ ಸೋಂಕು ಖಂಡಿತ ಕಡಿಮೆ. ನಡುವೆ 2009ರಲ್ಲಿ ಒಂದು ಅಧ್ಯಯನ ಬಂದು, ಹೀಗೆ ತೆಗೆದ ವೇನ್ ಬೇಗ ಕಟ್ಟಿಕೊಳ್ಳುತ್ತದೆ ಎಂಬ ಅನುಮಾನ ಎದ್ದಿತ್ತು. 2019ರಲ್ಲಿ ಪ್ರಕಟವಾದ ಅಮೆರಿಕದ ರೀಗ್ರೂಪ್ ಅಧ್ಯಯನದಲ್ಲಿ, ಅನುಭವ ಇರುವವರು ತೆಗೆದಾಗ ಎರಡು ವಿಧಾನಕ್ಕೂ ಹೃದಯದ ವಿಷಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅನುಭವ ಇರುವವರು ಅನ್ನುವ ಮಾತನ್ನು ಮರೆಯಬಾರದು. ಇದಕ್ಕೆ ಪೂರಾ ಎದುರಿನ ಇನ್ನೊಂದು ಪಂಥ ಸ್ವೀಡನ್‌ನಿಂದ ಬಂದದ್ದು: ವೇನ್ ಅನ್ನು ಮುಟ್ಟಲೇ ಬೇಡಿ, ಸುತ್ತಲಿನ ಕೊಬ್ಬಿನ ಸಮೇತ ಎತ್ತಿಬಿಡಿ, ಹೆಚ್ಚು ವರ್ಷ ಬಾಳುತ್ತದೆ ಅಂತ. ಕೆಲವು ಅಧ್ಯಯನಗಳಲ್ಲಿ ಹೌದು, ಎಲ್ಲದರಲ್ಲೂ ಅಲ್ಲ. ಆದರೆ ಕಾಲಿನ ಗಾಯಕ್ಕೆ ಅದು ಇನ್ನೂ ಕಷ್ಟ. ನಮ್ಮಲ್ಲಿ ಎಂಡೋಸ್ಕೋಪ್‌ನ ಕಿಟ್ ಖರ್ಚು ನೋಡಿ ಎಲ್ಲರಿಗೂ ಮಾಡಲಾಗುವುದಿಲ್ಲ. ದಪ್ಪ ಮೈ, ಸಕ್ಕರೆ ಎರಡೂ ಇರುವವರಿಗೆ, ಅದರಲ್ಲೂ ಹೆಂಗಸರಿಗೆ, ಹಣ ಹೊಂದಿಸಿಯಾದರೂ ಮಾಡಿ ಅನ್ನುತ್ತೇನೆ. ತೆಳ್ಳಗಿನ ಮೈಯ, ಸಕ್ಕರೆ ಇಲ್ಲದ ಮನುಷ್ಯನಿಗೆ ನಡುನಡುವೆ ಚರ್ಮ ಬಿಟ್ಟು ಸಣ್ಣ ಸಣ್ಣ ಕೊಯ್ತದಲ್ಲಿ ತೆಗೆದರೆ ಧಾರಾಳ ಸಾಕು.

ನಮ್ಮ ಮಹಡಿಯಲ್ಲೇ ರಕ್ತನಾಳದ ಸರ್ಜರಿಯ ವಾರ್ಡ್ ಇದೆ. ಬಾಗಿಲು ಎದುರುಬದುರು. ಅಲ್ಲಿನವರು ಹೆಚ್ಚಾಗಿ ಕಾಲಿನ ನಾಳ ಕಟ್ಟಿ ಬಂದವರು. ನಾಲ್ಕು ಹೆಜ್ಜೆ ನಡೆದರೆ ಮೀನಖಂಡ ಹಿಡಿಯುತ್ತದೆ, ನಿಂತರೆ ಬಿಡುತ್ತದೆ, ಆಮೇಲೆ ಕುಳಿತಿದ್ದರೂ ನೋವು, ಕೊನೆಗೆ ಬೆರಳು ಕಪ್ಪು. ಯಾದಗಿರಿ, ವಿಜಯಪುರ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಹುಡುಗರೂ ಇರುತ್ತಾರೆ. ವಯಸ್ಸು ಮೂವತ್ತು ಮೂವತ್ತೈದು, ಕೊಲೆಸ್ಟರಾಲ್ ಏನೂ ಇಲ್ಲ, ದಿನಕ್ಕೆ ಎರಡು ಕಟ್ಟು ಬೀಡಿ. ಬರ್ಗರ್ ಕಾಯಿಲೆ. ಅದಕ್ಕೆ ನಿಜವಾದ ಔಷಧ ಬೀಡಿ ಬಿಡುವುದೊಂದೇ, ತಂಬಾಕು ತಿಕ್ಕುವುದೂ ಬಿಡಬೇಕು. ಕಾಲಿನ ನಾಳ ಕಟ್ಟಿದ ವಯಸ್ಸಾದವರಿಗೆ ಅಲ್ಲಿನ ಸರ್ಜನ್‌ಗಳು ತೊಡೆಯಿಂದ ಮಂಡಿಯ ಕೆಳಕ್ಕೆ ಬೈಪಾಸ್ ಮಾಡುತ್ತಾರೆ. ಅದಕ್ಕೆ ಎಲ್ಲಕ್ಕಿಂತ ಒಳ್ಳೆಯ ಸಾಮಾನು ಯಾವುದು ಗೊತ್ತಾ? ಇದೇ ಸಫೀನಸ್ ವೇನ್. ಹೃದಯಕ್ಕೆ ಅಂತ ನಾನು ಎರಡೂ ಕಾಲು ಬರಿದು ಮಾಡಿಟ್ಟಿದ್ದರೆ ಅವರಿಗೆ ಏನೂ ಉಳಿದಿರುವುದಿಲ್ಲ.

ಹಾಗಾಗಿ ಲೆಕ್ಕ ಹಾಕಿ ತೆಗೆಯುತ್ತೇನೆ. ಎಷ್ಟು ಗ್ರಾಫ್ಟ್, ಯಾವ ಯಾವ ಕಡೆಗೆ, ಒಂದೊಂದಕ್ಕೆ ಸುಮಾರು ಒಂದು ಗೇಣು ಅಂತ ಕೇಳಿಕೊಂಡು, ಸ್ವಲ್ಪ ಹೆಚ್ಚು ಹಿಡಿದು, ಅಷ್ಟೇ. ಇರಲಿ ಅಂತ ಪೂರ್ತಿ ಎಳೆದು, ಮಿಕ್ಕಿದ್ದನ್ನು ಕಸದ ಬುಟ್ಟಿಗೆ ಹಾಕುವುದನ್ನು ನೋಡಿದರೆ ನನಗೆ ಸಂಕಟ. ರಕ್ತದಲ್ಲಿ ಕ್ರಿಯಾಟಿನಿನ್ ಜಾಸ್ತಿ ಇರುವವರ, ಅಂದರೆ ಕಿಡ್ನಿ ಸೋತವರ, ಕೈಯನ್ನೂ ಮುಟ್ಟಬೇಡಿ ಅನ್ನುತ್ತೇನೆ. ಮುಂದೆ ಡಯಾಲಿಸಿಸ್ ಬಂದರೆ, ಅದಕ್ಕೆ ಸೂಜಿ ಹಾಕಲು ಅಪಧಮನಿ ವೇನ್ ಎರಡನ್ನೂ ಜೋಡಿಸಿ ಫಿಸ್ಟುಲಾ ಮಾಡಲು ಆ ಕೈಯ ನಾಳಗಳೇ ಬೇಕು. ಹೃದಯದವರಿಗೆ ಹೃದಯವೇ ಕಾಣುವುದು, ಕಿಡ್ನಿಯವರಿಗೆ ಕಿಡ್ನಿ. ನಡುವೆ ಓಡಾಡುವವನಿಗೆ ಎರಡೂ ಕಾಣುತ್ತದೆ, ಅದೊಂದು ಲಾಭ ಈ ಹುದ್ದೆಯಲ್ಲಿ.

ಹಣದ ವಿಷಯ ನನ್ನದಲ್ಲ, ಆದರೂ ಕನ್ನಡದವರೆಲ್ಲ ನನ್ನನ್ನೇ ಕೇಳುತ್ತಾರೆ. ಮಹಾರಾಷ್ಟ್ರದ ರೇಷನ್ ಕಾರ್ಡ್ ಇದ್ದರೆ ಮಹಾತ್ಮ ಜ್ಯೋತಿರಾವ್ ಫುಲೆ ಯೋಜನೆಯಲ್ಲಿ ಬೈಪಾಸ್ ಬರುತ್ತದೆ. ಊರಿನ ಕಾರ್ಡ್ ಮಾತ್ರ ಇದ್ದರೆ ಆಯುಷ್ಮಾನ್ ಕಾರ್ಡ್ ತನ್ನಿ. ಯಾವ ಆಸ್ಪತ್ರೆಯಲ್ಲಿ ಯಾವುದು ನಡೆಯುತ್ತದೆ ಅಂತ ರೈಲು ಹತ್ತುವ ಮೊದಲೇ ಫೋನ್ ಮಾಡಿ ಕೇಳಿ. ಉದ್ಯಾನ್ ಎಕ್ಸ್‌ಪ್ರೆಸ್ ಇಳಿದು, ರೋಗಿಯನ್ನು ಪರೇಲ್ ಫುಟ್‌ಪಾತ್‌ನಲ್ಲಿ ಕೂರಿಸಿ, ಕಾಗದಕ್ಕೆ ಓಡಾಡುವುದನ್ನು ನೋಡಲಾಗುವುದಿಲ್ಲ.

ಡಿಸ್ಚಾರ್ಜ್ ಮಾತು ಮುಂಬೈಗೆ ತಕ್ಕಂತೆ ಹೇಳಬೇಕು. ಪುಸ್ತಕದಲ್ಲಿ, ಭಾರ ಎತ್ತಬೇಡಿ, ಎದೆಮೂಳೆ ಕೂಡಲು ಆರರಿಂದ ಎಂಟು ವಾರ ಬೇಕು ಅಂತ ಇರುತ್ತದೆ. ಇಲ್ಲಿ ಅದರ ಅರ್ಥ, ಅಷ್ಟು ದಿನ ಲೋಕಲ್ ಟ್ರೇನ್ ಬೇಡ. ಮೇಲಿನ ಹಿಡಿಕೆಗೆ ಜೋತು ಬೀಳುವುದು, ದಾದರ್‌ನಲ್ಲಿ ಹಿಂದಿನವರು ತಳ್ಳುವುದು, ಎರಡೂ ಆ ಮೂಳೆಗೆ ಆಗಿಬರುವುದಿಲ್ಲ. ಚಾಳ್‌ನಲ್ಲಿ ಇರುವವರಿಗೆ ಇಂಡಿಯನ್ ಸಂಡಾಸ್ ದೊಡ್ಡ ತೊಂದರೆ. ಕುಕ್ಕುರುಗಾಲಲ್ಲಿ ಕೂತರೆ ಕಾಲಿನ ಹೊಲಿಗೆ ಎಳೆಯುತ್ತದೆ, ಏಳುವಾಗ ಕೈ ಊರಿದರೆ ಎದೆಮೂಳೆಗೆ ಭಾರ. ಮಧ್ಯ ರಂಧ್ರವಿರುವ ಪ್ಲಾಸ್ಟಿಕ್ ಕುರ್ಚಿ ಸಿಗುತ್ತದೆ, ಡಿಸ್ಚಾರ್ಜ್ ದಿನಕ್ಕೆ ಮೊದಲೇ ತಂದಿಟ್ಟುಕೊಳ್ಳಿ ಅನ್ನುತ್ತೇನೆ. ಕೂತಾಗಲೆಲ್ಲ ಆ ಕಾಲು ಸ್ಟೂಲಿನ ಮೇಲಿರಲಿ. ಮಳೆಗಾಲದಲ್ಲಿ ಒದ್ದೆ ಬ್ಯಾಂಡೇಜ್ ಕೂಡಲೇ ಬಿಚ್ಚಬೇಕು, ರಸ್ತೆಯಲ್ಲಿ ನಿಂತ ನೀರಿಗೆ ಇಳಿಯಲೇಬಾರದು. ಅರಿಶಿನ, ಸುಣ್ಣ, ಕಾಫಿಪುಡಿ ಯಾವುದೂ ಬೇಡ. ಆಸ್ಪಿರಿನ್ ಮತ್ತು ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಗಳನ್ನು, ಆರಾಮಾಗಿದ್ದೇನೆ ಅಂತ ನಿಲ್ಲಿಸಬೇಡಿ. ಹತ್ತು ವರ್ಷದ ಹೊತ್ತಿಗೆ ವೇನ್ ಗ್ರಾಫ್ಟ್‌ಗಳಲ್ಲಿ ಸುಮಾರು ಅರ್ಧದಷ್ಟು ಕಟ್ಟಿಕೊಂಡಿರುತ್ತವೆ. ಆ ಲೆಕ್ಕವನ್ನು ಹಿಂದಕ್ಕೆ ತಳ್ಳುವುದು ಈ ಮಾತ್ರೆಗಳು ಮತ್ತು ಬೀಡಿ ಬಿಟ್ಟ ಬಾಯಿ.

ದೋಸೆಯವರು ತೋರಿಸಲು ಬಂದಾಗ ಕೇಳಿದ್ದು ಒಂದೇ, ಕಾವಲಿ ಮುಂದೆ ಯಾವಾಗ ನಿಲ್ಲಬಹುದು ಅಂತ. ನಿಲ್ಲುವ ಕೆಲಸ ಇನ್ನು ಕಡಿಮೆ ಮಾಡಿ, ಆ ವೆರಿಕೋಸ್‌ಗೆ ಎದುರಿನ ವಾರ್ಡ್‌ನವರನ್ನು ನೋಡಿ, ಸ್ಟಾಕಿಂಗ್ಸ್ ಹಾಕಿ ಅಂದೆ. "ಕೌಂಟರಿಗೆ ಕೂರಿಸ್ತಾರಾ ನನ್ನನ್ನ? ಅಲ್ಲಿ ಧಣಿಯ ಅಳಿಯ ಇದ್ದಾನೆ" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬೆಳಗಿನ ಪಾಳಿ ಮಾತ್ರ ಮಾಡಿ ಅಂತ ಒಪ್ಪಿಸಿದೆ.

ಊರಿಗೆ ಹೋದವರು ಹೊಲಿಗೆ ಬಿಚ್ಚಿಸಲು ಮತ್ತೆ ಇಷ್ಟು ದೂರ ಬರುವುದು ಬೇಡ, ತಾಲೂಕು ಆಸ್ಪತ್ರೆಯಲ್ಲೇ ಆಗುತ್ತದೆ. ಗಾಯದ ಫೋಟೋ ಮಾತ್ರ ವಾಟ್ಸಾಪ್‌ನಲ್ಲಿ ಕಳಿಸಿ ಅನ್ನುತ್ತೇನೆ. ಸುತ್ತ ಕೆಂಪಾಗಿ ದಿನದಿನಕ್ಕೆ ಹರಡಿದರೆ, ಕೀವು ಬಂದರೆ, ಜ್ವರ ಬಂದರೆ, ಎದೆಮೂಳೆಯಲ್ಲಿ ಕಟಕಟ ಅಂದರೆ ಫೋಟೋಗೆ ಕಾಯದೆ ಹತ್ತಿರದ ಆಸ್ಪತ್ರೆಗೆ ಹೊರಡಬೇಕು. ಮೀನಖಂಡ ಒಮ್ಮೆಲೇ ಬಿಗಿದು ಊದಿದರೂ ಹಾಗೆಯೇ, ಆಳದ ವೇನ್‌ನಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಉಳಿದವರ ಫೋಟೋಗಳು ರಾತ್ರಿ ಊಟವಾದ ಮೇಲೆ, ಟ್ಯೂಬ್‌ಲೈಟ್ ಕೆಳಗೆ ತೆಗೆದವು ಬರುತ್ತವೆ. ಅದರಲ್ಲಿ ಎಲ್ಲ ಕಾಲೂ ಹಳದಿ. ಬೆಳಿಗ್ಗೆ ಬಾಗಿಲ ಹತ್ತಿರ, ಬೆಳಕಿನಲ್ಲಿ, ಗಾಯದ ಪಕ್ಕದಲ್ಲಿ ತೊಳೆದ ಒಂದು ರೂಪಾಯಿ ನಾಣ್ಯ ಇಟ್ಟು ತೆಗೆಯಿರಿ. ಅಳತೆ ಗೊತ್ತಾಗುತ್ತದೆ, ಹಿಂದಿನ ವಾರದ್ದಕ್ಕೆ ಹೋಲಿಸಲೂ ಆಗುತ್ತದೆ.